ಕೊನೆಯ ಅಧ್ಯಾಯದಲ್ಲಿ ಬರುವ ತಾಯಂದಿರು

ಮಕೋ, 12 ಫೆಬ್ರವರಿ 1967

ಮಾನ್ಯ ವಾಮೋಶ್ ಪಾಲ್‌ನೇ ಅವರಿಗೆ,

ನಿಮ್ಮ ಪ್ರಕಾಶನದ 'ಚೆರ್ರಿ ಮರದ ಕಿಟಕಿ' ಕಾದಂಬರಿಯ ಹಿಂದಿನ ಪುಟದಲ್ಲಿ ಒಂದು ಚೀಟಿ ಇತ್ತು. ಎಳೆಯ ಓದುಗರೇ, ಪುಸ್ತಕ ಹೇಗನ್ನಿಸಿತು ಎಂದು ಮನಬಿಚ್ಚಿ ಬರೆಯಿರಿ, ಉತ್ತರಿಸುವವರು ಓದುಗರ ಪತ್ರ ವಿಭಾಗದ ವಾಮೋಶ್ ಪಾಲ್‌ನೇ, ಎಂದು. ಮನಬಿಚ್ಚಲು ಹೇಳಿದವರು ನೀವು. ಆಮೇಲೆ ನನ್ನನ್ನು ಬೈಯಬೇಡಿ.

ನನಗೆ ಹದಿನೈದು ವರ್ಷ. ಹುಡುಗಿಯರು ದೊಡ್ಡವರಾಗುವ ಕತೆಗಳೆಂದು ನೀವು ಮಾರುವ ಕಾದಂಬರಿಗಳಲ್ಲಿ ಏಳನ್ನು ಈ ಚಳಿಗಾಲದಲ್ಲಿ ಓದಿ ಮುಗಿಸಿದ್ದೇನೆ. ಏಳರಲ್ಲೂ ಹುಡುಗಿ ಒಬ್ಬಳೇ, ಹೆಸರು ಮಾತ್ರ ಬೇರೆ. ಚೆರ್ರಿ ಮರದವಳ ಹೆಸರು ಮಾರ್ತಿ. ಅವಳಿಗೆ ಐದು ವರ್ಷವಾಗಿದ್ದಾಗ ತಾಯಿ ಮನೆ ಬಿಟ್ಟು ಹೋಗಿದ್ದಾಳೆ. ಇನ್ನೂರ ಹತ್ತು ಪುಟಗಳವರೆಗೆ ಆಕೆಯ ಸುಳಿವಿಲ್ಲ. ಕೊನೆಯ ಅಧ್ಯಾಯದಲ್ಲಿ ಗಸಗಸೆ ತುಂಬಿದ ಸುರುಳಿ ರೊಟ್ಟಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ಮಾರ್ತಿ ದಿಂಬಿಗೆ ಮುಖ ಒತ್ತಿ ಅಳುತ್ತಾಳೆ, ಎದ್ದು ಬಂದು ಕ್ಷಮಿಸುತ್ತಾಳೆ, ಆ ಬೆಳಿಗ್ಗೆ ಅವಳು ದೊಡ್ಡವಳಾಗಿದ್ದಳು ಎಂದು ಪುಸ್ತಕ ಮುಗಿಯುತ್ತದೆ. ಅತ್ತರೆ ದೊಡ್ಡವರಾಗುವುದಾದರೆ ಮಕೋದಲ್ಲಿ ಮಕ್ಕಳೇ ಇರುತ್ತಿರಲಿಲ್ಲ. ನಮ್ಮದು ಈರುಳ್ಳಿ ಊರು. ಇಲ್ಲಿ ಮೂರು ವರ್ಷದ ಕೂಸೂ ದಿನಾ ಅಳುತ್ತದೆ, ಯಾರೂ ಅದರ ಮೇಲೆ ಕಾದಂಬರಿ ಬರೆದಿಲ್ಲ.

ಐದಕ್ಕೆ ಎರಡು ಕೊಡುತ್ತೇನೆ. ಒಂದು ಕೊಟ್ಟು ನಪಾಸು ಮಾಡಬೇಕೆಂದಿದ್ದೆ, ರೊಟ್ಟಿಯ ವರ್ಣನೆ ಚೆನ್ನಾಗಿತ್ತು.

ನಿಮ್ಮ ಹೆಸರಿನಿಂದ ನನಗೆ ತಿಳಿದದ್ದು, ವಾಮೋಶ್ ಪಾಲ್ ಎಂಬಾತನ ಹೆಂಡತಿ ನೀವು ಎಂಬುದಷ್ಟೇ. ಮದುವೆಗೆ ಮೊದಲು ನಿಮ್ಮನ್ನು ಏನೆಂದು ಕರೆಯುತ್ತಿದ್ದರು? ನಿಮಗೆ ಮಗಳಿದ್ದಾಳೆಯೇ? ಬಿಟ್ಟುಹೋದ ತಾಯಂದಿರು ಹೀಗೆ ವಾಪಸು ಬರುತ್ತಾರೆಂದು ನೀವು ನಿಜಕ್ಕೂ ನಂಬುತ್ತೀರಾ? ದಯವಿಟ್ಟು ಕೈಬರಹದಲ್ಲಿ ಉತ್ತರಿಸಿ.

ಬೋದೋರ್ ಶರೋಲ್ತಾ


ಬುಡಾಪೆಸ್ಟ್, 24 ಫೆಬ್ರವರಿ 1967

ಕುಮಾರಿ ಬೋದೋರ್ ಶರೋಲ್ತಾ ಅವರಿಗೆ,

ನಿಮ್ಮ ಪತ್ರ ತಲುಪಿತು. ತಿಂಗಳಿಗೆ ನಾನೂರು ಪತ್ರ ಬರುವ ಈ ವಿಭಾಗದಲ್ಲಿ ಕೈಬರಹದ ಉತ್ತರ ಕೊಡುವ ಪದ್ಧತಿ ಇಲ್ಲ. ಟೈಪು ಯಂತ್ರದ ಅಕ್ಷರ ನಿಮಗೆ ಕಹಿಯಾದರೆ ನಾನೇನೂ ಮಾಡಲಾರೆ.

'ಚೆರ್ರಿ ಮರದ ಕಿಟಕಿ' ಇಪ್ಪತ್ತು ಸಾವಿರ ಹುಡುಗಿಯರಿಗೆ ಹಿಡಿಸಿದೆ. ಇಪ್ಪತ್ತು ಸಾವಿರದ ಒಂದನೆಯವಳಿಗೆ ಹಿಡಿಸದಿದ್ದರೆ ಲೇಖಕಿ ಡ್ಯಾನ್ಯೂಬ್ ನದಿಗೆ ಹಾರುವುದಿಲ್ಲ. ಓದಿದ್ದನ್ನೆಲ್ಲ ಚುಚ್ಚಿ ನೋಡುವುದನ್ನು ನಿಮ್ಮ ವಯಸ್ಸಿನವರು ಜಾಣತನ ಎಂದುಕೊಳ್ಳುತ್ತಾರೆ. ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ, ಅದರಿಂದ ನನಗೆ ಯಾವ ಲಾಭವೂ ಆಗಲಿಲ್ಲ. ನಿಮ್ಮ ಪತ್ರದಲ್ಲಿ ಮೂರು ಕಾಗುಣಿತ ತಪ್ಪುಗಳಿವೆ, ಪಟ್ಟಿ ಲಗತ್ತಿಸಿದ್ದೇನೆ.

ನನ್ನ ಹಳೆಯ ಹೆಸರಾಗಲಿ, ನನಗೆ ಮಗಳಿದ್ದಾಳೋ ಇಲ್ಲವೋ ಎಂಬುದಾಗಲಿ ಸಾಹಿತ್ಯದ ಪ್ರಶ್ನೆಗಳಲ್ಲ. ಅಂಥವಕ್ಕೆ ನಾನು ಉತ್ತರಿಸುವುದಿಲ್ಲ. ನಿಯಮದಂತೆ ಒಂದು ಉಚಿತ ಪುಸ್ತಕ ಕಳಿಸುತ್ತಿದ್ದೇನೆ, 'ಈಜು ಕಲಿತ ಬೇಸಿಗೆ'. ಇದರಲ್ಲಿ ಯಾವ ತಾಯಿಯೂ ರೊಟ್ಟಿ ಹಿಡಿದುಕೊಂಡು ಬರುವುದಿಲ್ಲ.

ವಾಮೋಶ್ ಪಾಲ್‌ನೇ
ಓದುಗರ ಪತ್ರ ವಿಭಾಗ


ಮಕೋ, 19 ಮಾರ್ಚ್ 1967

ಮಾನ್ಯ ವಾಮೋಶ್ ಪಾಲ್‌ನೇ ಅವರಿಗೆ,

ರೊಟ್ಟಿ ಹಿಡಿದುಕೊಂಡು ಬರುವುದಿಲ್ಲ, ನಿಜ. ಮೊದಲನೇ ಪುಟದಲ್ಲೇ ಸತ್ತಿರುತ್ತಾಳಲ್ಲ. ನಿಮ್ಮ ಲೇಖಕಿಯರಿಗೆ ಗೊತ್ತಿರುವುದು ಎರಡೇ ಬಗೆಯ ತಾಯಂದಿರು, ವಾಪಸು ಬರುವವರು ಮತ್ತು ಸತ್ತವರು. ಸತ್ತವಳಷ್ಟು ಅನುಕೂಲದವಳು ಇನ್ನೊಬ್ಬಳಿಲ್ಲ. ಏನೂ ಕೇಳುವುದಿಲ್ಲ, ಏನೂ ಹೇಳಬೇಕಾಗಿಲ್ಲ, ಪಟದಲ್ಲಿ ನಗುತ್ತಿದ್ದರೆ ಸಾಕು. ಹುಡುಗಿ ಬಾಲತೋನ್ ಸರೋವರದಲ್ಲಿ ಈಜು ಕಲಿತು, ನೀರಿನಿಂದ ಮೇಲೆ ಬಂದು, ಆಕಾಶ ನೋಡಿ, ದೊಡ್ಡವಳಾಗುತ್ತಾಳೆ. ನಾನು ಏಳನೇ ವರ್ಷಕ್ಕೇ ಮರೋಶ್ ನದಿಯಲ್ಲಿ ಈಜು ಕಲಿತೆ. ಕಿವಿಗೆ ನೀರು ಹೋಯಿತು, ಬೇರೇನೂ ಆಗಲಿಲ್ಲ. ಆದರೂ ಮೂರು ಕೊಡುತ್ತೇನೆ, ಯಾರೂ ಯಾರನ್ನೂ ಕ್ಷಮಿಸದ ಕಾರಣಕ್ಕೆ.

ನಿಮ್ಮವರು ಬರೆಯದ ಮೂರನೇ ಬಗೆಯ ತಾಯಿಯೊಬ್ಬಳಿದ್ದಾಳೆ. ನನ್ನ ತರಗತಿಯ ಒಬ್ಬ ಹುಡುಗಿಯ ತಾಯಿ. ಈ ಹುಡುಗಿಗೆ ನಾಲ್ಕು ವರ್ಷವಾಗಿದ್ದಾಗ, ಐವತ್ತಾರರ ಶರತ್ಕಾಲದಲ್ಲಿ, ಗಲಭೆಗೆ ಹೆದರಿ ಜನ ದೇಶ ಬಿಟ್ಟು ಓಡುತ್ತಿದ್ದ ದಿನಗಳಲ್ಲಿ, ತಾಯಿ ಮನೆಯಿಂದ ಹೋದಳು. ಗಡಿ ದಾಟಿ ಹೋದಳು, ಆ ಕಡೆಯಿಂದ ಕಾಗದ ಬರೋದಿಲ್ಲ, ಎಂದು ಅಜ್ಜಿ ಹೇಳಿದಳು. ಅಪ್ಪ ಏನನ್ನೂ ಹೇಳಲಿಲ್ಲ. ಹುಡುಗಿ ಭೂಪಟದ ಪುಸ್ತಕ ಇಟ್ಟುಕೊಂಡು ವಿಯೆನ್ನಾ, ಮೆಲ್ಬರ್ನ್, ಟೊರಾಂಟೊ ಎಂದೆಲ್ಲ ಬೆರಳಿಟ್ಟು ನೋಡುತ್ತಿದ್ದಳು. ಅಂಚೆ ಬಾರದ ದೇಶದಲ್ಲಿ ತಾಯಿ ಇದ್ದಾಳೆ ಅಂದರೆ ಅದರಲ್ಲಿ ಅವಮಾನವೇನಿಲ್ಲ, ಸ್ವಲ್ಪ ಜಂಬವೇ.

ಈ ವರ್ಷದ ಮೊದಲಿಗೆ ಅವಳು ಕೂದಲು ಕತ್ತರಿಸಿಕೊಳ್ಳಲು ಹೋದಳು. ಅಪ್ಪನ ತಂಗಿ ಗಿಜಿ ಅತ್ತೆ ಕೇಶಾಲಂಕಾರದ ಸಹಕಾರಿ ಅಂಗಡಿಯಲ್ಲಿದ್ದಾಳೆ. ಕೂದಲು ಒಣಗಿಸುವ ಯಂತ್ರದ ಕೆಳಗೆ ಕೂತ ಹೆಂಗಸಿಗೆ ಏನೂ ಕೇಳಿಸುವುದಿಲ್ಲವಲ್ಲ, ಅದಕ್ಕೆ ಅತ್ತೆ ಕಿರುಚಿ ಗುಟ್ಟು ಹೇಳುತ್ತಿದ್ದಳು. "ಎಲ್ಲಿಯ ಗಡಿ, ಎಲ್ಲಿಯ ದಾಟೋದು? ಪೆಸ್ಟ್‌ನಲ್ಲೇ ಕೂತಿದಾಳೆ ಮಹಾತಾಯಿ. ಇನ್ನೊಬ್ಬನ್ನ ಕಟ್ಕೊಂಡಿದಾಳೆ, ಪುಸ್ತಕದ ಕೆಲಸವಂತೆ." ಇಡೀ ಅಂಗಡಿಗೆ ಕೇಳಿಸಿತು. ಬಾಗಿಲಲ್ಲಿ ಟೋಪಿ ತೆಗೆಯುತ್ತಿದ್ದ ಹುಡುಗಿಗೂ ಕೇಳಿಸಿತು. ಮಕೋದಿಂದ ಪೆಸ್ಟ್‌ಗೆ, ಅಂದರೆ ನಿಮ್ಮ ಬುಡಾಪೆಸ್ಟಿಗೆ, ರೈಲಿನಲ್ಲಿ ನಾಲ್ಕು ಗಂಟೆ. ಮೆಲ್ಬರ್ನ್ ಅಲ್ಲ.

ಈಗ ಹೇಳಿ. ನಿಮ್ಮ ಕಾದಂಬರಿಯ ಪ್ರಕಾರ ಈ ಹುಡುಗಿ ಏನು ಮಾಡಬೇಕು? ಆ ತಾಯಿಯ ಜಾಗದಲ್ಲಿ ನೀವಿದ್ದರೆ ಏನು ಹೇಳುತ್ತಿದ್ದಿರಿ?

ಬೋದೋರ್ ಶರೋಲ್ತಾ
(ಕಾಗುಣಿತ ನೋಡಿಕೊಂಡಿದ್ದೇನೆ.)


ಬುಡಾಪೆಸ್ಟ್, 2 ಏಪ್ರಿಲ್ 1967

ಕುಮಾರಿ ಬೋದೋರ್ ಶರೋಲ್ತಾ ಅವರಿಗೆ,

ಕಾಗುಣಿತ ಸರಿಯಾಗಿದೆ. ಕತೆ ಸರಿಯಾಗಿಲ್ಲ.

ಕೂದಲಂಗಡಿಯ ಭಾಗ ಚುರುಕಾಗಿದೆ, ಎಲ್ಲೂ ಕದ್ದದ್ದಲ್ಲ ಅನ್ನಿಸುತ್ತದೆ. ಉಳಿದದ್ದು ಸವಕಲು. ಓದುಗರ ಪತ್ರದೊಳಗೆ ತಮ್ಮ ಕಾದಂಬರಿಯ ಕರಡನ್ನು ಮಡಚಿಟ್ಟು ಕಳಿಸುವ ಹುಡುಗಿಯರು ವಾರಕ್ಕೆ ಮೂವರು ಸಿಗುತ್ತಾರೆ. ಎಲ್ಲರದೂ "ತರಗತಿಯ ಒಬ್ಬ ಹುಡುಗಿ"ಯ ಕತೆಯೇ. ನಿಮ್ಮ ಕತೆಯ ದೊಡ್ಡ ದೋಷವೆಂದರೆ ತಾಯಿಗೆ ಬಾಯಿಯೇ ಇಲ್ಲ. ಏಕೆ ಹೋದಳು? ಆ ಮನೆಯಲ್ಲಿ ಅಜ್ಜಿ ಅವಳನ್ನು ಹೇಗೆ ನೋಡಿಕೊಂಡಳು? ಏನನ್ನೂ ಹೇಳದ ಗಂಡನೊಂದಿಗೆ ಊಟದ ಮೇಜಿಗೆ ಎಷ್ಟು ವರ್ಷ ಕೂತಳು? ಇದನ್ನೆಲ್ಲ ನೀವು ಕೇಳಲೇ ಇಲ್ಲ. ಬಿಟ್ಟುಹೋದವರಿಗೂ ಕಾರಣ ಇರುತ್ತದೆ, ಉಳಿದವರಿಗೆ ಅದನ್ನು ಕೇಳುವ ತಾಳ್ಮೆ ಇರುವುದಿಲ್ಲ. ನಾನು ಇದನ್ನು ಪುಸ್ತಕದಿಂದ ಹೇಳುತ್ತಿಲ್ಲ.

ಆ ತಾಯಿಯ ಜಾಗದಲ್ಲಿ ನಾನಿದ್ದರೆ ಏನೂ ಹೇಳುತ್ತಿರಲಿಲ್ಲ. ಮಕ್ಕಳು ನೀವು ತಿಳಿದುಕೊಂಡಷ್ಟು ಮೃದುವಲ್ಲ. ಊಟ, ಹಾಸಿಗೆ, ಅಜ್ಜಿ ಇದ್ದರೆ ಬೆಳೆಯುತ್ತವೆ. ನಿಮ್ಮ ಗೆಳತಿಯೂ ಬೆಳೆದಿದ್ದಾಳಲ್ಲ, ಕೂದಲು ಕತ್ತರಿಸಿಕೊಳ್ಳುವಷ್ಟು.

ವಾಮೋಶ್ ಪಾಲ್‌ನೇ


ಮಕೋ, 9 ಏಪ್ರಿಲ್ 1967

ಕುಂಬಳಕಾಯಿ ಕಳ್ಳ ಅಂದರೆ ನೀನು ಹೆಗಲು ಮುಟ್ಟಿ ನೋಡಿಕೊಂಡೆ.

ಹೌದು, ನೀನು. ನಿನಗೆ "ನೀವು" ಹಾಕಿ ಎರಡು ತಿಂಗಳು ನಾಟಕ ಆಡಿದ್ದು ಸಾಕು. ಹೆತ್ತವಳಿಗೆ ಯಾರೂ ನೀವು ಅನ್ನುವುದಿಲ್ಲ. ಅಜ್ಜಿ ನಿನ್ನನ್ನು ಹೇಗೆ ನೋಡಿಕೊಂಡಳು ಎಂದು ನನ್ನನ್ನು ಕೇಳುತ್ತೀಯಾ? ನಾನು ಬರೆದದ್ದು ಅಪ್ಪ ಏನನ್ನೂ ಹೇಳಲಿಲ್ಲ ಅಂತ ಅಷ್ಟೇ. ಊಟದ ಮೇಜಿನ ಮಾತು ಎಲ್ಲಿಂದ ಬಂತು? ಅಲ್ಲಿ ಕೂತವಳಿಗೆ ಮಾತ್ರ ಅದು ಗೊತ್ತು. ನಾನು ಈಗಲೂ ದಿನಾ ಅಲ್ಲೇ ಕೂರುತ್ತೇನೆ.

ಗಿಜಿ ಅತ್ತೆ ಆ ದಿನ ಹೆಸರನ್ನೂ ಹೇಳಿದ್ದಳು, ನಾನು ಬೇಕೆಂದೇ ಬರೆಯಲಿಲ್ಲ. "ವಾಮೋಶ್ ಪಾಲ್ ಅನ್ನೋನ್ನ." ಹತ್ತು ದಿನದ ನಂತರ ಗ್ರಂಥಾಲಯದಲ್ಲಿ ಚೆರ್ರಿ ಮರದ ಪುಸ್ತಕದ ಹಿಂದೆ ನಿನ್ನ ಚೀಟಿ ಕಂಡಿತು. ಪೆಸ್ಟ್, ಪುಸ್ತಕದ ಕೆಲಸ, ವಾಮೋಶ್ ಪಾಲ್‌ನೇ. ಎಷ್ಟು ಅನುಕೂಲ ನಮ್ಮ ಪದ್ಧತಿ. ಗಂಡನ ಪೂರ್ತಿ ಹೆಸರಿಗೆ "ನೇ" ಎಂಬ ಬಾಲ ಅಂಟಿಸಿದರೆ ಹೆಂಡತಿ ತಯಾರು, ಒಳಗಿರುವ ಹೆಂಗಸು ಯಾರೆಂದು ದೇವರಿಗೂ ತಿಳಿಯುವುದಿಲ್ಲ. ಹುಟ್ಟುವಾಗ ಕೆಲೆಮೆನ್ ಲೀವಿಯಾ, ನಮ್ಮ ಮನೆಯಲ್ಲಿ ಬೋದೋರ್ ಇಮ್ರೇನೇ, ಈಗ ವಾಮೋಶ್ ಪಾಲ್‌ನೇ. ಕೋಟು ಬದಲಿಸಿದ ಹಾಗೆ ಬದಲಿಸಿದ್ದೀಯ.

ಈ ಹೆಸರನ್ನು ಅಜ್ಜಿಗೆ ತೋರಿಸಿದೆ. ಅವಳು ಈರುಳ್ಳಿ ಜಡೆ ಹೆಣೆಯುವುದನ್ನು ನಿಲ್ಲಿಸಲಿಲ್ಲ. "ಶಾರಿ, ಸುಳ್ಳು ಹೇಳಿದ್ದು ನಾನು, ನಿಮ್ಮಪ್ಪ ಅಲ್ಲ. ಗಡಿ ದಾಟಿದೋರು ಬರೋಕಾಗ್ದೆ ಬರಲ್ಲ. ಪೆಸ್ಟ್‌ನಲ್ಲಿರೋರು ಬೇಡ ಅಂತ ಬರಲ್ಲ. ಯಾವ್ದನ್ನ ಹೇಳ್ಬೇಕಿತ್ತು ಮಗೂಗೆ?" ಅಂದಳು. ಅವಳು ನಿನ್ನ ಬಗ್ಗೆ ಕೆಟ್ಟ ಮಾತು ಆಡಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಆಡಬೇಕಿತ್ತು.

ಊಟ, ಹಾಸಿಗೆ, ಅಜ್ಜಿ ಇದ್ದರೆ ಬೆಳೆಯುತ್ತವೆ ಎಂದು ಬರೆದಿದ್ದೀಯ. ಕರುಗಳ ವಿಷಯ ಬರೆದ ಹಾಗೆ. ನನಗೆ ಕ್ಷಮೆ ಬೇಡ, ರೊಟ್ಟಿ ಬೇಡ, ನಿನ್ನ ಕಾರಣಗಳೂ ಬೇಡ. ನನಗೆ ಬೇಕಾದದ್ದು ಒಂದೇ. ಶರೋಲ್ತಾ, ನಾನೇ, ನೀನು ನನ್ನ ಮಗಳು ಎಂದು ಒಂದು ಸಾಲು. ಬರೆದು ಸಹಿ ಹಾಕು. ಆಮೇಲೆ ಬೇಕಾದರೆ ಹತ್ತು ವರ್ಷ ಸುಮ್ಮನಿರು.

ಶರೋಲ್ತಾ


ಮಕೋ, 14 ಮೇ 1967

ಮೂವತ್ತೈದು ದಿನ ಆಯಿತು. ನಾನೂರು ಪತ್ರಗಳಿಗೆ ಉತ್ತರ ಬರೆಯುವವಳಿಗೆ ಒಂದು ಸಾಲು ಬರೆಯಲು ಆಗುತ್ತಿಲ್ಲ.

ಜೂನ್ ಹತ್ತಕ್ಕೆ ಶಾಲೆ ಮುಗಿಯುತ್ತದೆ. ಹನ್ನೊಂದಕ್ಕೆ ರೈಲು ಹತ್ತುತ್ತೇನೆ. ನಿನ್ನ ಕಚೇರಿಗೇ ಬಂದು, ಎಲ್ಲರ ಎದುರಿಗೆ, ಅಮ್ಮ ಎಂದು ಗಟ್ಟಿಯಾಗಿ ಕೂಗುತ್ತೇನೆ. ನಾಚಿಕೆ ಯಾರಿಗಾಗುತ್ತದೆ ನೋಡೋಣ.

ಶರೋಲ್ತಾ


ಬುಡಾಪೆಸ್ಟ್, 21 ಮೇ 1967

ಶರೋಲ್ತಾ,

ಕೂಗಬೇಡಿ. ನಾನು ತಿರುಗಿ ನೋಡುವುದಿಲ್ಲ, ಏಕೆಂದರೆ ಅದು ನಾನಲ್ಲ.

ಈ ಪತ್ರವನ್ನು ಕೈಯಲ್ಲಿ ಬರೆಯುತ್ತಿದ್ದೇನೆ, ಮನೆಯಿಂದ. ನಿಮ್ಮ ತಾಯಿಯ ಅಕ್ಷರದ ಮಾದರಿ ಯಾವುದಾದರೂ ಉಳಿದಿದ್ದರೆ ಹೋಲಿಸಿ ನೋಡಿಕೊಳ್ಳಿ. ನನಗೆ ಐವತ್ತೆರಡು ವರ್ಷ, ಮಕ್ಕಳಿಲ್ಲ. ಮಕೋಗೆ ಒಮ್ಮೆಯೂ ಬಂದವಳಲ್ಲ.

ನಿಮ್ಮ ಅತ್ತೆ ಸುಳ್ಳು ಹೇಳಿಲ್ಲ. ಪೆಸ್ಟ್‌ನಲ್ಲಿ ವಾಮೋಶ್ ಪಾಲ್‌ನೇ ಇಬ್ಬರಿದ್ದಾರೆ. ಪಾಲ್ ಅಚ್ಚುಕೂಟದಲ್ಲಿ ಅಕ್ಷರ ಜೋಡಿಸುವವನು. ಹದಿನೇಳು ವರ್ಷ ನನ್ನ ಗಂಡನಾಗಿದ್ದ. ಐವತ್ತೆಂಟರ ವಸಂತದಲ್ಲಿ, ಪಕ್ಕದ ಪುಸ್ತಕ ಕಟ್ಟುವ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಕೆಲೆಮೆನ್ ಲೀವಿಯಾ ಎಂಬವಳ ಜೊತೆ ಹೋದ. ವಿಚ್ಛೇದನದ ದಿನ ನಿಮ್ಮ ಹಳೆಯ ಹೆಸರಿಗೆ ಮರಳುತ್ತೀರಾ ಎಂದು ಕೇಳಿದರು. ಇಲ್ಲ ಅಂದೆ. ಪ್ರೀತಿಯಿಂದ ಅಲ್ಲ, ಹಠದಿಂದ. ಅವಳು ಈ ಹೆಸರನ್ನು ಒಬ್ಬಳೇ ಅನುಭವಿಸಬಾರದು ಅನ್ನಿಸಿತು. ಕಾಗದಪತ್ರಗಳಲ್ಲಿ ಅವಳು ಏನೆಂದು ಬರೆಸಿಕೊಂಡಿದ್ದಾಳೋ, ಬಾಗಿಲ ಫಲಕದ ಮೇಲೆ ಮಾತ್ರ ವಾಮೋಶ್ ಪಾಲ್‌ನೇ ಎಂದೇ ಇದೆ. ನನ್ನ ಬಾಗಿಲ ಮೇಲೂ ಹಾಗೇ ಇದೆ. ಅಂಚೆಯವನು ವರ್ಷಕ್ಕೆರಡು ಸಲ ತಪ್ಪುತ್ತಾನೆ. ನೀವು ತಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ.

ಊಟದ ಮೇಜಿನ ಮಾತು ಎಲ್ಲಿಂದ ಬಂತು ಎಂದು ಕೇಳಿದಿರಿ. ನನ್ನ ಮೇಜಿನಿಂದಲೇ ಬಂತು. ಹದಿನೇಳು ವರ್ಷ ಏನನ್ನೂ ಹೇಳದೆ ಕೂತವಳು ನಾನು. ಬಿಟ್ಟುಹೋದವರಿಗೂ ಕಾರಣ ಇರುತ್ತದೆ ಎಂದು ಬರೆದದ್ದು ಆ ಕಾರಣ ನಾನೇ ಆಗಿದ್ದರಿಂದ.

ನಿಮ್ಮ ಏಪ್ರಿಲ್ ಪತ್ರದಲ್ಲಿ ಕೆಲೆಮೆನ್ ಲೀವಿಯಾ ಎಂಬ ಹೆಸರು ಓದಿದಾಗ ನನಗಾದದ್ದು ಸಂತೋಷ. ಮುಚ್ಚಿಡುವುದಿಲ್ಲ. ನನ್ನ ಮನೆ ಮುರಿದವಳು ಮೊದಲೇ ಒಂದು ಮನೆ ಮುರಿದು ಬಂದವಳು, ಮಗುವನ್ನೇ ಬಿಟ್ಟು ಬಂದವಳು ಎಂದು ತಿಳಿದು ಒಂದು ವಾರ ನನಗೆ ಚೆನ್ನಾಗಿ ನಿದ್ದೆ ಬಂತು. ಎರಡನೇ ವಾರ, ಆ ಮಗುವಿಗೆ ಕಾಗುಣಿತ ತಪ್ಪಿನ ಪಟ್ಟಿ ಕಳಿಸಿದವಳು ನಾನೇ ಎಂಬುದು ನೆನಪಾಯಿತು. ಅದಕ್ಕೇ ಮೂವತ್ತೈದು ದಿನ.

ಜೂನ್ ಹನ್ನೊಂದಕ್ಕೆ ಬರಬೇಡಿ. ಇಲ್ಲಿ ನಿಮಗೆ ಯಾರೂ ಇಲ್ಲ.

ವಾಮೋಶ್ ಪಾಲ್‌ನೇ (ಮೊದಲನೆಯವಳು)


ಮಕೋ, 25 ಮೇ 1967

ಮಾನ್ಯ ಮೊದಲನೆಯವರಿಗೆ,

ನಿಮ್ಮನ್ನು ನೀನು ಎಂದು ಕರೆದದ್ದಕ್ಕೆ ಕ್ಷಮೆ ಕೇಳಬೇಕೆಂದು ಅಜ್ಜಿ ಹೇಳುತ್ತಾಳೆ. ಅವಳು ಹೇಳಿದ್ದಕ್ಕೆ ಕೇಳಿದ್ದೇನೆ.

ಎಂಥ ಅದೃಷ್ಟ ನನ್ನದು. ಇಡೀ ಪೆಸ್ಟ್‌ನಲ್ಲಿ ನನ್ನ ತಾಯಿಯನ್ನು ಕಂಡರೆ ಆಗದ ಹೆಂಗಸು ಒಬ್ಬಳೇ, ಅವಳ ಕೈಗೇ ನನ್ನ ಕಾಗದಗಳೆಲ್ಲ ಹೋಗಿ ಸೇರಿವೆ. ಒಂದು ವಾರ ಚೆನ್ನಾಗಿ ನಿದ್ದೆ ಮಾಡಿದಿರಂತೆ. ನಾನು ಆ ವಾರ ದಿನಕ್ಕೆರಡು ಸಲ ಅಂಚೆಯವಳನ್ನು ಬೀದಿಯ ತುದಿಯಲ್ಲಿ ಕಾಯುತ್ತಿದ್ದೆ. ನೀವು ಬಿಟ್ಟುಹೋದ ಹೆಂಡತಿ, ನಾನು ಬಿಟ್ಟುಹೋದ ಮಗಳು. ಅಷ್ಟಕ್ಕೇ ನಾವು ನೆಂಟರಾದೆವು ಎಂದುಕೊಳ್ಳಬೇಡಿ.

ಅವಳ ಬಾಗಿಲ ಫಲಕ ನಿಮಗೆ ಗೊತ್ತಿದೆ ಅಂದ ಮೇಲೆ ಬಾಗಿಲೂ ಗೊತ್ತಿದೆ. ನಾನು ಬರುವುದಿಲ್ಲ. ನಾನು ಬಂದು ನಿಂತರೆ ಅವಳು ಏನಾದರೂ ಹೇಳಲೇಬೇಕಾಗುತ್ತದೆ, ಹಾಗೆ ಬಲವಂತವಾಗಿ ಹೇಳಿಸಿಕೊಂಡದ್ದು ನನಗೆ ಬೇಡ. ನನ್ನ ಪತ್ರಗಳನ್ನು ತೆಗೆದುಕೊಂಡು ಹೋಗಿ ಕೊಡಿ. ಎಲ್ಲವನ್ನೂ ಕೊಡಿ, ಚೆರ್ರಿ ಮರದ್ದನ್ನೂ ಸೇರಿಸಿ. ನಾನು ಯಾವ ಥರದವಳು ಎಂದು ಅದರಿಂದ ತಿಳಿಯುತ್ತದೆ. ಒಂದೇ ಸಾಲು ಬರೆದುಕೊಡಲಿ, ಅದೇ ಸಾಲು, ಏಪ್ರಿಲ್‌ನಲ್ಲಿ ಕೇಳಿದ್ದು.

ನಿಮಗೆ ಹೋಗಲು ಇಷ್ಟವಿಲ್ಲ ಎಂದು ನನಗೆ ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ. ಕಾಗುಣಿತದ ಪಟ್ಟಿ ಕಳಿಸಿದ್ದಕ್ಕೆ ಇದು ಸಮ ಆಗುತ್ತದೆ.

ಬೋದೋರ್ ಶರೋಲ್ತಾ


ಬುಡಾಪೆಸ್ಟ್, 18 ಜೂನ್ 1967

ಶರೋಲ್ತಾ,

ಹೋಗಿದ್ದೆ. ಮೊದಲ ಶನಿವಾರ ಬೀದಿಯ ಮೂಲೆಯವರೆಗೆ ಹೋಗಿ ವಾಪಸು ಬಂದೆ. ಎರಡನೇ ಶನಿವಾರ ಮೂರನೇ ಮಹಡಿ ಹತ್ತಿದೆ.

ಪಾಲ್ ಮನೆಯಲ್ಲಿರಲಿಲ್ಲ. ಆಕೆ ಮೊಗಸಾಲೆಯಲ್ಲಿ ಕೂತು, ಕೂದಲ ಪಿನ್ನಿನಿಂದ ಹುಳಿ ಚೆರ್ರಿಯ ಬೀಜ ತೆಗೆಯುತ್ತಿದ್ದಳು. ಕೈಯೆಲ್ಲ ಕೆಂಪು. ನಾನು ಗಂಡನನ್ನು ವಾಪಸು ಕೇಳಲು ಬಂದೆನೇನೋ ಎಂಬಂತೆ ಎದ್ದು ನಿಂತಳು. ಒಂಬತ್ತು ವರ್ಷದಲ್ಲಿ ನಾವು ಮಾತಾಡಿದ್ದು ಅದೇ ಮೊದಲು. ಮಕೋದಿಂದ ಬಂದ ಪತ್ರಗಳು ಅಂದೆ. ಕೈ ತೊಳೆದುಕೊಂಡು ಬಂದು, ನಿಂತೇ ಓದಿದಳು, ಎಲ್ಲವನ್ನೂ, ನೀವು ಬರೆದ ಕ್ರಮದಲ್ಲಿ. ಅತ್ತರೆ ದೊಡ್ಡವರಾಗುವ ಮಾತಿನ ಹತ್ತಿರ ನಕ್ಕಳು. ಕರುಗಳ ಮಾತಿನ ಹತ್ತಿರ ಕೂತಳು. ನಿಮ್ಮ ಮೂಗು ಅವಳದೇ ಇರಬೇಕು ಎಂದುಕೊಂಡೆ. ನಿಮ್ಮನ್ನು ನೋಡದವಳು ಅದನ್ನು ಹೇಗೆ ಅಂದುಕೊಂಡೆನೋ.

ಅವಳನ್ನು ದ್ವೇಷಿಸುವುದು ನನಗೆ ಅಭ್ಯಾಸವಾಗಿದೆ, ಆದ್ದರಿಂದ ನಾನು ಬರೆಯುವುದನ್ನು ಸ್ವಲ್ಪ ಕಳೆದೇ ಓದಿ. ಆದರೆ ಆಡಿದ ಮಾತುಗಳನ್ನು ಬದಲಿಸಿಲ್ಲ. ಹತ್ತೊಂಬತ್ತಕ್ಕೆ ಮದುವೆಯಾಯಿತಂತೆ. ಆ ಮನೆಯಲ್ಲಿ ಉಸಿರು ಕಟ್ಟಿತಂತೆ. ಒಂದು ವಾರಕ್ಕೆಂದು ಬಂದವಳು, ವಾರ ತಿಂಗಳಾಯಿತು, ಆಮೇಲೆ ಯಾವ ಮುಖ ಹೊತ್ತು ಹೋಗಲಿ ಅಂದಳು. ಆ ಒಂದು ಸಾಲು ಬರೆದುಕೊಡಿ ಎಂದು ನನ್ನ ಪೆನ್ನನ್ನು ಮುಂದಿಟ್ಟೆ. ಮುಟ್ಟಲಿಲ್ಲ.

"ಪಾಲ್‌ಗೆ ಬೇರೇನೋ ಹೇಳಿದೀನಿ," ಅಂದಳು. "ಮಗು ಸತ್ತೋಯ್ತು ಅಂತ. ಮದ್ವೆಗೆ ಮುಂಚೇನೇ. ಅವ್ನು ಪಾಪ, ಪ್ರತಿ ನವೆಂಬರ್‌ನಲ್ಲೂ ಸತ್ತೋರ ದಿನ ಅದರ ಹೆಸರಲ್ಲೊಂದು ದೀಪ ಹಚ್ತಾನೆ. ಒಂಬತ್ತು ವರ್ಷ ಹಚ್ಚಿದಾನೆ. ಈಗ ಬದುಕಿದೆ ಅಂತ ಹೇಗೆ ಹೇಳ್ಲಿ?"

ನನ್ನ ಜೊತೆ ಇದ್ದ ಹದಿನೇಳು ವರ್ಷದಲ್ಲಿ ಆತ ಯಾರಿಗೂ ದೀಪ ಹಚ್ಚಿದವನಲ್ಲ. ಆ ಹೊತ್ತಿನಲ್ಲೂ ನನಗೆ ಹೊಳೆದದ್ದು ಅದೇ, ನನ್ನ ಸಣ್ಣತನ ನೋಡಿ.

ನಾನು ಹೊರಡಲು ಎದ್ದಾಗ ಪತ್ರಗಳನ್ನು ಜೋಡಿಸಿ ನನ್ನ ಕೈಗೇ ಕೊಟ್ಟಳು, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಅಂದಳು. ಬಾಗಿಲಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದಳು. "ನಿಮಗೆ ಬರವಣಿಗೆ ಬರತ್ತೆ. ಅವ್ಳಿಗೆ ಬೇಕಾದ್ದನ್ನ ನೀವೇ ಬರೆದುಬಿಡಿ. ಪ್ರೀತಿಯಿಂದ ಬರೀರಿ. ಸಹಿ ಹೇಗೂ ಅದೇ ತಾನೇ?"

ಇದರಲ್ಲಿ ಕೆಟ್ಟತನ ಇರಲಿಲ್ಲ, ಅದನ್ನು ನಾನು ಒಪ್ಪಬೇಕು. ಕೊಡಲು ಅವಳ ಹತ್ತಿರ ಇದ್ದದ್ದು ಅಷ್ಟೇ.

ಮನೆಗೆ ಬಂದು ಬರೆಯಲು ಕೂತೆ. ಮೂರು ಬಗೆಯಲ್ಲಿ ಬರೆದೆ. ಲೇಖಕಿಯರ ಕೊನೆಯ ಅಧ್ಯಾಯಗಳನ್ನು ಇಪ್ಪತ್ತು ವರ್ಷದಿಂದ ತಿದ್ದುತ್ತಿರುವವಳು ನಾನು, ಮೂರೂ ಚೆನ್ನಾಗಿ ಬಂದವು. ಮೂರನೆಯದನ್ನು ಓದಿ ನನಗೇ ಕಣ್ಣು ತುಂಬಿತು. ಹೆಸರಿನ ಮೊದಲ ಅಕ್ಷರದವರೆಗೂ ಬರೆದು ನಿಲ್ಲಿಸಿದೆ, ಆಮೇಲೆ ಮೂರನ್ನೂ ಹರಿದು ಹಾಕಿದೆ. ಸುಳ್ಳನ್ನು ವಾಸನೆಯಿಂದಲೇ ಹಿಡಿಯುವ ಹುಡುಗಿಗೆ ಸುಳ್ಳು ಬರೆಯುವುದು ಅವಮಾನ ಅನ್ನಿಸಿತು. ನಿಮಗೆ ಸತ್ಯ ತಡೆದುಕೊಳ್ಳುವ ಶಕ್ತಿ ಇದೆ. ನಿಮ್ಮ ಪತ್ರಗಳೇ ಅದಕ್ಕೆ ಸಾಕ್ಷಿ.

ವಿಳಾಸ ಬೇಕಾದರೆ ಕೇಳಿ, ಕೊಡುತ್ತೇನೆ. ಕೊಡುವುದಿಲ್ಲವೆಂದು ನಾನು ಆಕೆಗೆ ಮಾತು ಕೊಟ್ಟಿಲ್ಲ. ನನ್ನ ಹಳೆಯ ಹೆಸರಿಗೆ ಮರಳಲು ನಾಳೆ ನೋಂದಣಿ ಕಚೇರಿಗೆ ಅರ್ಜಿ ಹಾಕುತ್ತಿದ್ದೇನೆ. ಆ ಹೆಸರು ಇನ್ನು ಅವಳೊಬ್ಬಳಿಗೇ ಇರಲಿ.

ಹಯ್ನಾಲ್ ಒತ್ತೀಲಿಯಾ


ಮಕೋ, 3 ಜುಲೈ 1967

ಮಾನ್ಯ ಹಯ್ನಾಲ್ ಒತ್ತೀಲಿಯಾ ಅವರಿಗೆ,

ವಿಳಾಸ ಬೇಡ.

ನಿಮ್ಮ ಪತ್ರವನ್ನು ಅಜ್ಜಿಗೆ ಓದಿ ಹೇಳಿದೆ. ಅವಳ ಕನ್ನಡಕ ಒಡೆದಿದೆ. ಮಗು ಸತ್ತುಹೋಯಿತು ಎಂಬ ಭಾಗ ಬಂದಾಗ ಅದನ್ನು ಬಿಟ್ಟು ಮುಂದಿನ ಸಾಲು ಓದಿದೆ. ಅಜ್ಜಿ, ಲೀವಿಯಾ ನಿನ್ನನ್ನು ವಿಚಾರಿಸಿದಳಂತೆ ಅಂದೆ, ನನ್ನ ಮೂಗು ಯಾರದು ಅಂತ ಕೇಳಿದಳಂತೆ ಅಂದೆ. "ಕೇಳಿದ್ಲಲ್ಲ, ಅಷ್ಟು ಸಾಕು ಬಿಡು," ಅಂದಳು ಅಜ್ಜಿ. ಆಮೇಲೆ ಹಿತ್ತಲಿಗೆ ಹೋಗಿ ಕೋಳಿಗಳಿಗೆ ಕಾಳು ಹಾಕಿದಳು. ಎರಡು ಮಾತು ಬದಲಿಸಲು ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ.

ನಿಮ್ಮನ್ನು ಮೆಚ್ಚಬೇಕು ಎಂದು ನನಗೆ ಗೊತ್ತು. ಕೊನೆಯ ಅಧ್ಯಾಯಗಳೆಲ್ಲ ಸುಳ್ಳು ಎಂದು ಹಲ್ಲು ಕಡಿದು ಬರೆದವಳು ನಾನೇ. ಸತ್ಯ ತಡೆದುಕೊಳ್ಳುವ ಶಕ್ತಿ ಇದೆ ಎಂದು ನನ್ನ ಪತ್ರ ನೋಡಿ ಅಂದುಕೊಂಡಿರಿ. ಐವತ್ತೆರಡು ವರ್ಷ ಬದುಕಿದವರು ನೀವು, ದಿನಾ ಹುಡುಗಿಯರ ಪತ್ರ ಓದುವವರು. ಹದಿನೈದು ವರ್ಷದವಳು ಏನನ್ನು ಕಂಡರೆ ಆಗದು ಎಂದು ಬರೆಯುತ್ತಾಳೋ ಅದೇ ಅವಳಿಗೆ ಬೇಕಾದದ್ದು ಎಂದು ನಿಮಗೆ ತಿಳಿಯಬಾರದಿತ್ತೇ? ನಾನು ಏಳು ಪುಸ್ತಕ ಓದಿದ್ದು ಬೈಯಲಿಕ್ಕೆ ಅಂದುಕೊಂಡಿರಾ? ಪ್ರತಿಯೊಂದನ್ನೂ ಕೊನೆಯ ಅಧ್ಯಾಯಕ್ಕೋಸ್ಕರವೇ ಓದಿದೆ.

ಸತ್ತೋರ ದಿನ ನನಗೆ ದೀಪ ಹಚ್ಚುತ್ತಾರೆ ಎಂಬುದನ್ನು ಇನ್ನು ನಾನು ಪ್ರತಿ ನವೆಂಬರ್‌ನಲ್ಲೂ ತಿಳಿದುಕೊಂಡೇ ಇರಬೇಕು. ಅದನ್ನು ನನಗೆ ಕೊಟ್ಟವರು ನೀವು, ಅವಳಲ್ಲ. ಇದಕ್ಕೆ ನಿಮ್ಮನ್ನು ಕ್ಷಮಿಸುವುದಿಲ್ಲ.

ಮೂರು ಬರೆದಿರಂತೆ. ಮೂರೂ ಚೆನ್ನಾಗಿದ್ದವಂತೆ. ಅದರಲ್ಲಿ ಯಾವುದಾದರೂ ಒಂದನ್ನು, ತೀರಾ ಸಾಧಾರಣದ್ದನ್ನಾದರೂ, ಮಡಚಿ ಲಕೋಟೆಗೆ ಹಾಕಬಹುದಿತ್ತು. ನಾನು ನಂಬಿಬಿಡುತ್ತಿದ್ದೆ.

ಶರೋಲ್ತಾ